ಮೊದಲ ವಿದೇಶ ಪ್ರವಾಸ, ಜೊತೆಗೆ ಇಬ್ಬರು ಮಕ್ಕಳು

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ನಾವು ಸ್ಪೇನ್‌ಗೆ ಹೊರಟಿದ್ದೇವೆ. ನಮಗೆಲ್ಲ ಇದೇ ಮೊದಲ ವಿದೇಶ ಪ್ರವಾಸ. ಜೊತೆಗೆ ಆರು ಮತ್ತು ಹತ್ತು ವರ್ಷದ ಮಕ್ಕಳು, ಬಿಪಿ ಇರುವ ಅತ್ತೆ. ಅಲ್ಲಿನ ಜೇಬುಗಳ್ಳರ ಬಗ್ಗೆ ಓದಿ ನಿದ್ದೆಯೇ ಬರುತ್ತಿಲ್ಲ. ದುಡ್ಡು, ಪಾಸ್‌ಪೋರ್ಟ್ ಹೇಗೆ ಕಾಪಾಡಿಕೊಳ್ಳಲಿ?

ಉತ್ತರ: ಪಾಸ್‌ಪೋರ್ಟ್ ವಿಚಾರ ಮೊದಲು ಮುಗಿಸಿಬಿಡೋಣ. ಎಲ್ಲವನ್ನೂ ಒಂದೇ ಬ್ಯಾಗಿನಲ್ಲಿ ಇಡಬೇಡಿ. ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಕಳೆದರೆ ಪೊಲೀಸರಿಗೆ ದೂರು ಕೊಟ್ಟು, ನಿಮ್ಮ ದೇಶದ ರಾಯಭಾರ ಕಚೇರಿಗೆ ಹೋದರೆ ವಾಪಸ್ ಬರಲು ಕಾಗದ ಸಿಗುತ್ತದೆ. ತಾಪತ್ರಯ ನಿಜ, ಆದರೆ ದಾರಿ ಇದೆ.

ನನಗೆ ಇದಕ್ಕಿಂತ ಜಾಸ್ತಿ ಭಯ ರಸ್ತೆ ಮತ್ತು ನೀರಿನದು. ಸ್ಪೇನ್‌ನಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಎಡಗಡೆ ಓಡಿಸುವ ದೇಶದಲ್ಲಿ ಬೆಳೆದವರು ದಾಟುವಾಗ ಅಭ್ಯಾಸಬಲದಿಂದ ಮೊದಲು ಬಲಕ್ಕೆ ನೋಡುತ್ತಾರೆ. ಗಾಡಿ ಬರುವುದು ಎಡದಿಂದ! ಮೊದಲ ಎರಡು ದಿನ ಮಕ್ಕಳ ಕೈ ಬಿಡಲೇಬೇಡಿ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿಸಿ.

ಸಮುದ್ರದಲ್ಲಿ ಇನ್ನೊಂದು ಮೋಸವಿದೆ. ಅಲೆಗಳು ದಡಕ್ಕೆ ತಂದ ನೀರು ಕಿರಿದಾದ ಜಾಗದಲ್ಲಿ ರಭಸವಾಗಿ ಹಿಂದಕ್ಕೆ ಹರಿಯುತ್ತದೆ. ಇದಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಆಡಿಸಲು ನಾವು ಹುಡುಕುವುದೂ ಅಂಥ ಜಾಗವನ್ನೇ ಅಲ್ವಾ? ಅದಕ್ಕೇ ಲೈಫ್‌ಗಾರ್ಡ್ ಇರುವ ಕಡೆ ಮಾತ್ರ ಇಳಿಯಿರಿ. ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು, ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕರೆಯಬೇಕು. ಹೋಟೆಲಿನ ಈಜುಕೊಳದಲ್ಲೂ ಚಿಕ್ಕ ಮಗು ಕೈಗೆಟುಕುವ ದೂರದಲ್ಲೇ ಇರಲಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಸದ್ದಿಲ್ಲದೆ ಹೋಗಿಬಿಡುತ್ತದೆ.

ಇನ್ನೊಂದು ನನ್ನದೇ ಅನುಭವ. ವಿದೇಶದ ಒಂದು ಮೆಟ್ರೋ ನಿಲ್ದಾಣದಲ್ಲಿ ಏಳು ವರ್ಷದ ಮಗಳು ನನಗಿಂತ ಮೊದಲು ಹತ್ತಿದಳು. ನಾನು ಸೂಟ್‌ಕೇಸ್ ಎತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನ ಆಚೆ ಅವಳ ಮುಖ, ಈಚೆ ನಾನು. ಮುಂದಿನ ನಿಲ್ದಾಣದಲ್ಲಿ ಒಬ್ಬ ಹೆಂಗಸು ಅವಳನ್ನು ಇಳಿಸಿಕೊಂಡು, ಕೈ ಹಿಡಿದು ನಿಂತಿದ್ದರು. ಹನ್ನೊಂದು ನಿಮಿಷ ಅಷ್ಟೇ. ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಮಾತಾಗಿದೆ. ರೈಲಿನ ಒಳಗೆ ಉಳಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಹೊರಗೆ ಉಳಿದವರು ಮುಂದಿನ ರೈಲಿನಲ್ಲಿ ಬರಬೇಕು. ಇದನ್ನು ಮಕ್ಕಳಿಗೆ ಸುಮ್ನೆ ಹೇಳಿದರೆ ಸಾಲದು. ಅವರ ಬಾಯಲ್ಲೇ ನಾಲ್ಕು ಸಲ ಹೇಳಿಸಿ. ಚಿಕ್ಕವನ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇರಲಿ, ದೇಶದ ಕೋಡ್ ಸಹಿತ.

ಅತ್ತೆಯವರ ಮಾತ್ರೆಗಳನ್ನು ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಡಬ್ಬಿಗೆ ಸುರಿಯದೆ ಪ್ಯಾಕೆಟ್ ಸಮೇತ ಇಡಿ. ಡಾಕ್ಟರ ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಳ್ಳಿ, ಕಂಪನಿ ಇಟ್ಟ ಹೆಸರು ಅಲ್ಲಿನ ಅಂಗಡಿಯವರಿಗೆ ಗೊತ್ತಿರಬೇಕೆಂದಿಲ್ಲ. ಆಸ್ಪತ್ರೆ ಖರ್ಚಿಗೆ ವಿಮೆ ಮಾಡಿಸುವಾಗ ಬಿಪಿ ಇರುವುದನ್ನು ಮುಚ್ಚಿಡಬೇಡಿ.

ತುರ್ತಿಗೆ 112. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಇದೇ ನಂಬರ್, ಕರೆ ಉಚಿತ. ಹೋಟೆಲಿನ ಹೆಸರು, ವಿಳಾಸ ಇರುವ ಕಾರ್ಡ್ ಕೇಳಿ ಪಡೆದು ಅತ್ತೆಯವರ ಪರ್ಸಿನಲ್ಲಿ ಹಾಕಿ. ಅವರ ಫೋನಿನ ಚಾರ್ಜ್ ಮುಗಿದರೂ ಟ್ಯಾಕ್ಸಿಯವರಿಗೆ ಅದನ್ನು ತೋರಿಸಬಹುದು.