ಪೇಮೆಂಟ್ ಲಿಂಕಿಗೆ ಸಹಿ ಹಾಕೋದು ಹೇಗೆ?

ಬ್ಯಾಡಗಿ ಮೆಣಸಿನಕಾಯಿ ಮಾರುವ ನಿಮ್ಮ ಸೈಟಿನ ಪೇಮೆಂಟ್ ಲಿಂಕಿನಲ್ಲಿ ಗಿರಾಕಿ 1200 ಅನ್ನೋದನ್ನ 12 ಮಾಡಿದರೆ ಏನು ಗತಿ ಅಂತ ಕೇಳಿದ್ದೀರಿ. ಸಹಿ, ಅಂದ್ರೆ ಲಿಂಕನ್ನ ಯಾರೂ ತಿದ್ದಿಲ್ಲ ಅಂತ ತೋರಿಸುವ ಗುರುತು, ಇಲ್ಲದೆ ಲಿಂಕಿನ ಮೊತ್ತವನ್ನೇ ನಂಬಿದರೆ 12 ರೂಪಾಯಿಗೇ ಮಾಲು ಹೋಗುತ್ತದೆ, ಅಷ್ಟೇ.

ಆರ್ಡರ್ ನಂಬರ್, ಮೊತ್ತ, ಲಿಂಕಿನ ಅವಧಿ ಮುಗಿಯುವ ಸಮಯ, ಇಷ್ಟನ್ನೂ ಒಂದೇ ಸಾಲಾಗಿ ಜೋಡಿಸಿ ಸರ್ವರಿನಲ್ಲಿರುವ ಗುಪ್ತ ಕೀ ಜೊತೆ ಎಚ್‌ಮ್ಯಾಕ್ ಎಸ್‌ಎಚ್‌ಎ-256 ಅನ್ನೋ ಸಹಿ ಲೆಕ್ಕ ಹಾಕುವ ವಿಧಾನಕ್ಕೆ ಕೊಟ್ಟರೆ 64 ಅಕ್ಷರದ ಹೆಕ್ಸ್ (0-9, a-f ಮಾತ್ರ ಇರುವ) ಸಹಿ ಬರುತ್ತದೆ, ಅದನ್ನ ಲಿಂಕಿನ ಕೊನೆಗೆ ಅಂಟಿಸಿ. ಗಿರಾಕಿ ಲಿಂಕ್ ಒತ್ತಿದಾಗ ಸರ್ವರ್ ಸಹಿಯನ್ನ ಮತ್ತೆ ಲೆಕ್ಕ ಹಾಕಿ ಲಿಂಕಿನಲ್ಲಿರುವ ಸಹಿಗೆ ಹೋಲಿಸಲಿ. ಒಂದು ಸೊನ್ನೆ ಬದಲಾದರೂ ಸಹಿ ಹೊಂದುವುದಿಲ್ಲ.

ಜೋಡಿಸುವ ಕ್ರಮ, ಬರೆಯುವ ರೀತಿ ಎರಡೂ ಕಡೆ, ಅಂದ್ರೆ ಸಹಿ ಹಾಕುವಾಗಲೂ ಪರೀಕ್ಷಿಸುವಾಗಲೂ, ಒಂದೇ ಇರಬೇಕು. ಹುಬ್ಬಳ್ಳಿಯ ಒಂದು ಅಂಗಡಿಗೆ ಮಾಡಿಕೊಡುವಾಗ ನಾನು ಒಂದು ಕಡೆ 1200, ಇನ್ನೊಂದು ಕಡೆ 1200.00 ಅಂತ ಇಟ್ಟು ಅರ್ಧ ದಿನ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಪೈಸೆಯಲ್ಲೇ ಬರೆಯಿರಿ, 120000.

ಕೀಯನ್ನ ಬ್ರೌಸರಿನ ಜಾವಾಸ್ಕ್ರಿಪ್ಟಿನಲ್ಲಿ ಇಡಬೇಡಿ, ಬೀಗ ಹಾಕಿ ಕೀಲಿಯನ್ನ ಬಾಗಿಲಲ್ಲೇ ಬಿಟ್ಟ ಹಾಗೆ ಅಲ್ವಾ. ಇನ್ನು ದುಡ್ಡು ಬಂತೋ ಇಲ್ಲವೋ ಅಂತ ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ನಂಬಬೇಡಿ, ಗೇಟ್‌ವೇ (ದುಡ್ಡು ವಸೂಲಿ ಮಾಡಿಕೊಡುವ ಸೇವೆ) ನಿಮ್ಮ ಸರ್ವರಿಗೆ ತಾನಾಗಿಯೇ ಕಳಿಸುವ ಸಂದೇಶದ, ಅಂದ್ರೆ ವೆಬ್‌ಹುಕ್ಕಿನ, ಸಹಿಯನ್ನೂ ಹೀಗೇ ಪರೀಕ್ಷಿಸಿ ಆಮೇಲೆ ಪಾರ್ಸೆಲ್ ಕಟ್ಟಿ.