ಒಂದೇ ಟ್ರಯಲ್ ರೇಸ್ ಸಾಕೇ?

ಟ್ರಯಾಥ್ಲಾನ್ (ಈಜು, ಸೈಕ್ಲಿಂಗ್, ಓಟ ಮೂರೂ ಸೇರಿದ ಸ್ಪರ್ಧೆ) ಆಯ್ಕೆಯಲ್ಲಿ ಟ್ರಯಲ್ ಗೆದ್ದವರನ್ನು ಬಿಟ್ಟು ರ‍್ಯಾಂಕಿಂಗ್ ಇದ್ದವರನ್ನು ಅರ್ಹತಾ ರೇಸ್‌ಗೆ ಕಳಿಸಿದ್ದು ಸರಿಯೇ ಅಂತ ಕೇಳಿದ್ದೀರಿ. ಮೊದಲು ನೋಡಬೇಕಾದ್ದು ಆಯ್ಕೆ ನಿಯಮ ಪ್ರಕಟವಾದ ದಿನಾಂಕ. ಟ್ರಯಲ್ ಮುಗಿದ ಮೇಲೆ ಮಾನದಂಡ ಬದಲಿಸಿದ್ದರೆ ಅದು ಅನ್ಯಾಯವೇ, ಮೇಲ್ಮನವಿ ಹಾಕಲೇಬೇಕು. ಗಡುವು ಬಹಳ ಚಿಕ್ಕದಿರುತ್ತದೆ, ತಡಮಾಡಬೇಡಿ.

ಆದರೆ ಒಂದೇ ರೇಸನ್ನು ಪೂರ್ತಿ ನಂಬುವುದೂ ತಪ್ಪು. ಒಲಿಂಪಿಕ್ ದೂರದ ಎಲೀಟ್ ಟ್ರಯಾಥ್ಲಾನ್‌ನಲ್ಲಿ ಡ್ರಾಫ್ಟಿಂಗ್‌ಗೆ, ಅಂದರೆ ಮುಂದಿನ ಸೈಕಲ್ ಸವಾರರ ಹಿಂದೆಯೇ ಅಂಟಿಕೊಂಡು ಗಾಳಿಯ ತಡೆ ತಪ್ಪಿಸಿಕೊಳ್ಳಲು, ಅವಕಾಶವಿದೆ. 1.5 ಕಿ.ಮೀ. ಈಜಿನಲ್ಲಿ ಹತ್ತಿಪ್ಪತ್ತು ಸೆಕೆಂಡ್ ಹಿಂದೆ ಬಿದ್ದು ಮುಂದಿನ ಗುಂಪು ತಪ್ಪಿದರೆ, 40 ಕಿ.ಮೀ. ಸೈಕ್ಲಿಂಗ್‌ನಲ್ಲಿ ಒಂಟಿಯಾಗಿ ಗಾಳಿ ಸೀಳಬೇಕು, ಅಂತರ ನಿಮಿಷಕ್ಕೇರುತ್ತದೆ. ಹತ್ತೇ ಜನರ ಟ್ರಯಲ್‌ನಲ್ಲಿ ಈ ಗುಂಪಿನ ಒತ್ತಡವೇ ಇರುವುದಿಲ್ಲ, ಒಳ್ಳೆಯ ಓಟಗಾರರು ಕೊನೆಯ 10 ಕಿ.ಮೀ.ನಲ್ಲಿ ಗೆದ್ದುಬಿಡುತ್ತಾರೆ.

ನನಗೆ ಸರಿ ಕಾಣುವುದು: ಒಂದು ಸ್ಥಾನ ಟ್ರಯಲ್‌ಗೆ, ಉಳಿದವು ರ‍್ಯಾಂಕಿಂಗ್‌ಗೆ. ಸಮಿತಿಯ ವಿವೇಚನೆಗೆ ಬಿಟ್ಟ ಸ್ಥಾನವಿದ್ದರೆ ಕಾರಣವನ್ನು ಬರಹದಲ್ಲೇ ಕೇಳಿ.