ಬಾಹ್ಯಾಕಾಶದ ಬಾಡಿಗೆ ಸೈನಿಕರ ಕಥೆಯನ್ನು ನಂಬುವಂತೆ ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಯುದ್ಧ ಮುಗಿದ ಮೇಲೆ ಕೆಲವು ಮಾಜಿ ಸೈನಿಕರು ಸೇರಿ ಒಂದು ಪಡೆ ಕಟ್ಟುತ್ತಾರೆ. ಗ್ರಹದಿಂದ ಗ್ರಹಕ್ಕೆ ಹೋಗಿ ಹಣಕ್ಕಾಗಿ ಹೋರಾಡುತ್ತಾರೆ. ಹಡಗು, ಬಂದೂಕು, ಸಮವಸ್ತ್ರ ಎಲ್ಲವನ್ನೂ ನೀವು ಯೋಚಿಸಿದ್ದೀರಿ. ಆದರೂ ಆ ಪಡೆ ನಿಜ ಅನ್ನಿಸುತ್ತಿಲ್ಲ, ಏನು ಕೊರತೆ ಅಂತ ಕೇಳಿದ್ದೀರಿ.

ಕೊರತೆ ಸಂಬಳದ್ದು. ಸಂಬಳ ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ, ಕೊಡದಿದ್ದರೆ ಏನಾಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ನಿಮ್ಮ ಪಡೆ ತಾನಾಗಿ ಎದ್ದು ನಿಲ್ಲುತ್ತದೆ.

ಈ ಜಾತಿಯ ಕಥೆಗಳಲ್ಲಿ ನಾನು ತುಂಬಾ ಮೆಚ್ಚುವುದು ಅಮೆರಿಕದ ಡೇವಿಡ್ ಡ್ರೇಕ್ ಬರೆದ 'ಹ್ಯಾಮರ್ಸ್ ಸ್ಲ್ಯಾಮರ್ಸ್' ಕಥೆಗಳನ್ನು. ಡ್ರೇಕ್ ಕಾನೂನು ಓದುತ್ತಿದ್ದಾಗ ಕಡ್ಡಾಯ ಸೇನಾ ಭರ್ತಿಯಲ್ಲಿ ಹೆಸರು ಬಂತು. 1970ರಲ್ಲಿ ಅವರು ವಿಯೆಟ್ನಾಂ ಮತ್ತು ಕಾಂಬೋಡಿಯಾದಲ್ಲಿ 11ನೇ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟ್ ಎಂಬ ಟ್ಯಾಂಕು ಪಡೆಯ ಜೊತೆಗಿದ್ದರು. ಸೆರೆ ಸಿಕ್ಕವರನ್ನು ವಿಚಾರಿಸುವುದು ಅವರ ಕೆಲಸ. ವಾಪಸ್ ಬಂದು ಓದು ಮುಗಿಸಿ ಚಾಪೆಲ್ ಹಿಲ್ ಪಟ್ಟಣದ ಆಡಳಿತದಲ್ಲಿ ವಕೀಲರಾದರು. ಆ ಕೆಲಸ ಬಿಟ್ಟು ಸ್ವಲ್ಪ ಕಾಲ ಬಸ್ಸನ್ನೂ ಓಡಿಸಿದರು. ಸ್ಲ್ಯಾಮರ್ಸ್‌ನ ಮೊದಲ ಕಥೆಗಳು 1974ರಲ್ಲಿ 'ಗ್ಯಾಲಕ್ಸಿ' ಪತ್ರಿಕೆಯಲ್ಲಿ ಬಂದವು, ಸಂಕಲನ 1979ರಲ್ಲಿ. ಯುದ್ಧ ಶ್ರೇಷ್ಠ ಅಂತಲೂ ಅಲ್ಲಿಲ್ಲ, ಯುದ್ಧ ಬೇಡ ಅಂತ ಭಾಷಣವೂ ಇಲ್ಲ. ಸೈನಿಕ ಕಂಡದ್ದು, ಮಾಡಿದ್ದು, ಆಮೇಲೆ ಅವನೊಳಗೆ ಉಳಿದದ್ದು, ಅಷ್ಟೇ ಇದೆ. ಟ್ಯಾಂಕಿನ ಒಳಗಿನ ಸೆಕೆ, ನಿದ್ದೆಗೇಡು, ಪಕ್ಕದವನ ಮೇಲಿನ ನಂಬಿಕೆ ಇವೆಲ್ಲ ಅನುಭವಿಸಿದವರ ಮಾತು ಅಂತ ಓದುವಾಗಲೇ ಗೊತ್ತಾಗುತ್ತದೆ.

ಕಥೆಯಲ್ಲಿ ಸ್ಲ್ಯಾಮರ್ಸ್ ಎಂಬ ಆ ಬಾಡಿಗೆ ಪಡೆ ಹುಟ್ಟಿದ ಬಗೆ ನೋಡಿ. ಫ್ರೀಸ್‌ಲ್ಯಾಂಡ್ ಎಂಬ ಗ್ರಹದ ಸರ್ಕಾರ ತನ್ನ ವಸಾಹತಿನ ದಂಗೆ ಅಡಗಿಸಲು ಹೊರಗಿನವರನ್ನು ಸೇರಿಸಿ ಒಂದು ರೆಜಿಮೆಂಟ್ ಕಟ್ಟುತ್ತದೆ. ಅದರ ಮುಖ್ಯಸ್ಥ ಕರ್ನಲ್ ಅಲೋಯ್ಸ್ ಹ್ಯಾಮರ್. ದಂಗೆ ಅಡಗಿದ ಮೇಲೆ ಈ ಪರದೇಶಿ ಸೈನಿಕರು ಸರ್ಕಾರಕ್ಕೆ ಬೇಡವಾಗುತ್ತಾರೆ. ಇಷ್ಟು ಪಳಗಿದವರನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಭಯ. ಪಡೆ ಮುಚ್ಚಿಬಿಡೋಣ ಅಂತ ಹೊರಟಾಗ ಹ್ಯಾಮರ್ ತನ್ನ ಜನರ ಪರ ನಿಲ್ಲುತ್ತಾನೆ. ಟ್ಯಾಂಕುಗಳ ಸಮೇತ ಅವರು ಸ್ವತಂತ್ರರಾಗುತ್ತಾರೆ. ಅಂದರೆ ಇವರು ದುಡ್ಡಿನ ಆಸೆಗೆ ಹೊರಟವರಲ್ಲ. ಕರೆದ ದೇಶವೇ ಕೈಬಿಟ್ಟವರು. ನಿಮ್ಮ ಮಾಜಿ ಸೈನಿಕರಿಗೂ ಇಂಥ ಒಂದು ನಿನ್ನೆ ಬೇಕು.

ಇದು ಬರೀ ಕಲ್ಪನೆ ಅಲ್ಲ. ಕ್ರಿ.ಪೂ. 241ರಲ್ಲಿ ರೋಮ್ ವಿರುದ್ಧ ಯುದ್ಧ ಸೋತ ಉತ್ತರ ಆಫ್ರಿಕಾದ ಕಾರ್ತೇಜ್ ರಾಜ್ಯ, ಸಿಸಿಲಿಯಿಂದ ಮರಳಿದ ಸುಮಾರು 20,000 ಬಾಡಿಗೆ ಸೈನಿಕರ ಬಾಕಿ ಸಂಬಳದಲ್ಲಿ ಚೌಕಾಸಿಗೆ ಇಳಿಯಿತು. ಅವರು ತಿರುಗಿಬಿದ್ದರು. ಮೂರು ವರ್ಷಕ್ಕೂ ಜಾಸ್ತಿ ನಡೆದ ಆ ಕಾಳಗ ಭಯಂಕರವಾಗಿತ್ತು. 1360ರಲ್ಲಿ ಇಂಗ್ಲೆಂಡ್-ಫ್ರಾನ್ಸ್ ನಡುವೆ ಬ್ರೆಟಿನಿ ಒಪ್ಪಂದ ಆದಾಗಲೂ ಅಷ್ಟೇ, ಶಾಂತಿ ಬಂತು, ಸೈನಿಕರ ಹೊಟ್ಟೆಪಾಡು ಹೋಯಿತು. ಅವರು ಗುಂಪು ಕಟ್ಟಿಕೊಂಡು ಊರೂರು ಸುಲಿದರು. ಅವರಲ್ಲೊಬ್ಬ ಜಾನ್ ಹಾಕ್‌ವುಡ್ ಇಟಲಿಗೆ ಹೋಗಿ ಬೇರೆ ಬೇರೆ ನಗರಗಳಿಗೆ ಕರಾರಿನ ಮೇಲೆ ಹೋರಾಡಿ, ಕೊನೆಗೆ ಫ್ಲಾರೆನ್ಸಿನ ಸೇನಾಪತಿಯಾಗಿ 1394ರಲ್ಲಿ ತೀರಿಕೊಂಡ.

ನನ್ನ ತಂದೆಯವರೂ ಸೇನೆಯಲ್ಲಿದ್ದವರು. ನಿವೃತ್ತರಾದಾಗ ನಲವತ್ತು ಕೂಡ ಆಗಿರಲಿಲ್ಲ. ಆಮೇಲೆ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು. ಪೆನ್ಷನ್ ಬರುತ್ತಿತ್ತು, ಕ್ಯಾಂಟೀನ್ ಕಾರ್ಡ್ ಇತ್ತು, ಹಾಗಾಗಿ ಮನೆ ನಡೆಯಿತು. ಮೈಯಲ್ಲಿ ಕಸುವಿದೆ, ಕಲಿತದ್ದು ಒಂದೇ ವಿದ್ಯೆ, ಪೆನ್ಷನ್ ಕೊಡಲು ಸರ್ಕಾರವೇ ಇಲ್ಲ ಅಂದರೆ ಅಂಥವರು ಎಲ್ಲಿಗೆ ಹೋಗಬೇಕು? ನಿಮ್ಮ ಕಥೆ ಶುರುವಾಗುವುದು ಇಲ್ಲಿಂದ.

ಇನ್ನು ಕರಾರು. ಡ್ರೇಕ್ ಲೋಕದಲ್ಲಿ 'ಬಾಂಡಿಂಗ್ ಅಥಾರಿಟಿ' ಎಂಬ ಮಧ್ಯಸ್ಥ ಸಂಸ್ಥೆ ಇದೆ. ಬಾಡಿಗೆಗೆ ಕರೆದವರೂ ಹೋರಾಡುವವರೂ ಒಪ್ಪಂದದ ಪ್ರಕಾರ ನಡೆದುಕೊಳ್ಳುತ್ತಾರಾ ಅಂತ ನೋಡುವುದು ಅದರ ಕೆಲಸ. ಕರಾರು ಮುರಿದ ಪಡೆಗೆ ಮುಂದೆ ಬದುಕಿಲ್ಲ. ಹಾಗಾಗಿ ಪಡೆಯೊಳಗೂ ಶಿಸ್ತು ಬೇಕು. ಹ್ಯಾಮರ್ ಬಳಿ ಅದನ್ನು ನೋಡಿಕೊಳ್ಳುವವನು ಮೇಜರ್ ಯೋಆಖಿಮ್ ಸ್ಟೊಯ್ಬೆನ್, ಅವನ ತಂಡದ ಹೆಸರು 'ವೈಟ್ ಮೈಸ್'. ಶತ್ರುವಿಗಿಂತ ಇವರಿಗೇ ಸೈನಿಕರು ಜಾಸ್ತಿ ಹೆದರುತ್ತಾರೆ. ಕಥೆಗೆ ಇದು ಎಷ್ಟು ಒಳ್ಳೆಯ ಸರಕು ಅಲ್ವಾ?

ಆಯುಧವೂ ಈ ಲೆಕ್ಕದ ಒಳಗೇ ಬರಬೇಕು. ಡ್ರೇಕ್ ಕಲ್ಪಿಸಿದ ಪವರ್‌ಗನ್‌ಗಳು ಕಣ್ಣಿಗೆ ಕಂಡದ್ದನ್ನೆಲ್ಲ ಹೊಡೆದು ಉರುಳಿಸುತ್ತವೆ. ವಿಮಾನ ಮೇಲೆದ್ದರೆ ಮುಗಿಯಿತು, ಫಿರಂಗಿ ಗುಂಡನ್ನೂ ಗಾಳಿಯಲ್ಲೇ ಸುಡುತ್ತವೆ. ಆದ್ದರಿಂದ ನೆಲದ ಮೇಲೆ, ದಪ್ಪ ಕವಚದ ಟ್ಯಾಂಕುಗಳದ್ದೇ ರಾಜ್ಯ. ಫ್ಯೂಷನ್ ಶಕ್ತಿಯಿಂದ ಫ್ಯಾನ್ ತಿರುಗಿಸಿ ಗಾಳಿಯ ಮೆತ್ತೆಯ ಮೇಲೆ ತೇಲುವ ಟ್ಯಾಂಕುಗಳು ಅವು. ಅವುಗಳ ಬೆಲೆ ವಿಪರೀತ. ಬಡ ಗ್ರಹಗಳಿಗೆ ಕೊಳ್ಳಲು ಆಗದು, ಒಂದು ಯುದ್ಧದ ಮಟ್ಟಿಗೆ ಬಾಡಿಗೆಗೆ ತರಬಹುದು. ಬಾಡಿಗೆ ಸೈನಿಕರಿಗೆ ಯಾಕೆ ಬೇಡಿಕೆ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ನಿಮ್ಮ ಕಥೆಯಲ್ಲಿ ಪ್ರತಿ ಗ್ರಹಕ್ಕೂ ಸ್ವಂತ ಬಲವಾದ ಸೈನ್ಯ ಇದ್ದರೆ ಇವರನ್ನು ಕರೆಯುವವರು ಯಾರು? ಮೊದಲು ಅದನ್ನು ಸರಿಮಾಡಿ.

ಇವರನ್ನು ದಯವಿಟ್ಟು ಸುಮ್ನೆ ವೀರರನ್ನಾಗಿ ಮಾಡಬೇಡಿ. ಇವರು ದುಡ್ಡು ತೆಗೆದುಕೊಂಡು ಕೊಲ್ಲುತ್ತಾರೆ, ಸಾಯುವವರಲ್ಲಿ ಅಲ್ಲಿನ ರೈತರೂ ಇರುತ್ತಾರೆ. ಸ್ಲ್ಯಾಮರ್ಸ್ ಗೆದ್ದ ಜಾಗದಲ್ಲಿ ಎಷ್ಟೋ ಸಲ ಅನುಭವಿಸಲು ಏನೂ ಉಳಿದಿರುವುದಿಲ್ಲ. ಆದರೂ ಟ್ಯಾಂಕಿನೊಳಗಿನ ಆ ಹುಡುಗರ ಮೇಲೆ ನಮಗೆ ಪ್ರೀತಿ ಹುಟ್ಟುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಷ್ಟ, ಆದರೆ ಇಂಥ ಕಥೆಯ ಜೀವ ಇರುವುದು ಅದರಲ್ಲೇ.

1979ರ ಸಂಕಲನದಲ್ಲಿ ಕಥೆಗಳ ನಡುವೆ ಟ್ಯಾಂಕು, ಆಯುಧ, ಬಾಂಡಿಂಗ್ ಅಥಾರಿಟಿ ಬಗ್ಗೆ ಪುಟ್ಟ ಟಿಪ್ಪಣಿಗಳಿವೆ. ಮೊದಲು ಅವನ್ನು ಓದಿ. ನಿಮ್ಮ ಪಡೆಗೂ ಅಂಥದ್ದೇ ಎರಡು ಪುಟ ಬರೆದಿಟ್ಟುಕೊಳ್ಳಿ: ಮುಂಗಡ ಎಷ್ಟು, ಬಟವಾಡೆ ಯಾವಾಗ, ಕಾಲು ಕಳೆದುಕೊಂಡವನಿಗೆ ಏನು ಸಿಗುತ್ತದೆ, ಸತ್ತವನ ಮನೆಗೆ ಹಣ ತಲುಪಿಸುವವರು ಯಾರು. ಕಥೆಯಲ್ಲಿ ಇದೆಲ್ಲ ಬರದಿದ್ದರೂ ಪರವಾಗಿಲ್ಲ.